ಕಂಬದ ಮೇಲಿನ ಆದೇಶ ಚಾಲಕರ ಸೀಟಿನಿಂದ ಓದುವಂತಿರಲಿ: ದಟ್ಟಣೆ ವೇಳೆಯ ನಿಲುಗಡೆ ನಿರ್ಬಂಧ ಕುರಿತು ಒಂದು ಬಹಿರಂಗ ಪತ್ರ

ಬೆಂಗಳೂರು ನಗರ ಸಂಚಾರ ಪೊಲೀಸ್ ವಿಭಾಗದ ಮುಖ್ಯಸ್ಥರಿಗೆ ಹಾಗೂ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ,

ಮಾನ್ಯರೇ,

ಬೆಳಿಗ್ಗೆ ಎಂಟೂವರೆಯ ಮೇಲೆ ನಮ್ಮ ಊರಿನ ಯಾವುದಾದರೂ ಮುಖ್ಯ ರಸ್ತೆಯ ಬಸ್ ನಿಲ್ದಾಣದ ಬಳಿ ಹತ್ತು ನಿಮಿಷ ನಿಂತು ನೋಡಿದರೆ ಈ ಪತ್ರದ ಅರ್ಧ ವಿಷಯ ನಾನು ಬರೆಯದೆಯೇ ತಿಳಿಯುತ್ತದೆ. ಎಡಬದಿಯಲ್ಲಿ ಒಂದು ಕಾರು ನಿಂತಿರುತ್ತದೆ. ಅದರ ಒಡೆಯರು ಎದುರಿನ ದರ್ಶಿನಿಯಲ್ಲಿ ಇಡ್ಲಿ ತಿನ್ನುತ್ತಿರಬಹುದು, ಇಲ್ಲವೇ ಔಷಧಿ ಅಂಗಡಿಗೆ ಹೋಗಿರಬಹುದು. ಅವರಲ್ಲಿ ದುರುದ್ದೇಶವೇನೂ ಇರುವುದಿಲ್ಲ. ಆದರೆ ಹಿಂದಿನಿಂದ ಬಂದ ಬಿಎಂಟಿಸಿ ಬಸ್ಸಿಗೆ ಪಾದಚಾರಿ ಮಾರ್ಗದ ಪಕ್ಕಕ್ಕೆ ಸರಿಯಲು ಜಾಗ ಸಿಗದೆ ಅದು ನಡುರಸ್ತೆಯಲ್ಲೇ ನಿಲ್ಲುತ್ತದೆ. ಹತ್ತುವವರು ರಸ್ತೆಗೆ ಇಳಿಯುತ್ತಾರೆ, ಇಳಿಯುವವರು ಸ್ಕೂಟರುಗಳ ನಡುವೆ ದಾರಿ ಹುಡುಕುತ್ತಾರೆ, ಬಸ್ಸಿನ ಹಿಂದೆ ಸಿಕ್ಕಿಕೊಂಡವರು ಬಲಕ್ಕೆ ನುಗ್ಗುತ್ತಾರೆ, ಬಲಪಥದವರು ಬ್ರೇಕ್ ಒತ್ತುತ್ತಾರೆ. ನಾಲ್ಕು ಮೀಟರು ಉದ್ದದ ಒಂದು ಕಾರು ತಾನು ನಿಂತ ಜಾಗವನ್ನಷ್ಟೇ ಅಲ್ಲ, ಆ ಬದಿಯ ಪಥವನ್ನೇ ಸಾಕಷ್ಟು ದೂರದವರೆಗೆ ಬಳಕೆಯಿಂದ ತೆಗೆದುಹಾಕಿರುತ್ತದೆ.

ರಸ್ತೆಗಳ ಮಾನದಂಡಗಳನ್ನು ರೂಪಿಸುವ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ನಗರ ರಸ್ತೆಗಳ ಸಾಮರ್ಥ್ಯದ ಬಗ್ಗೆ ಹೊರತಂದ ಮಾರ್ಗಸೂಚಿಯಲ್ಲಿ ಇದಕ್ಕೆ ಲೆಕ್ಕವೂ ಇದೆ. ಎಲ್ಲ ಬಗೆಯ ವಾಹನಗಳನ್ನೂ ಕಾರಿನ ಮಾನಕ್ಕೆ ಇಳಿಸಿ ಎಣಿಸುವ ಆ ಲೆಕ್ಕದ ಪ್ರಕಾರ, ಬದಿಯಲ್ಲಿ ವಾಹನ ನಿಲ್ಲದ, ಅಕ್ಕಪಕ್ಕದ ಕಟ್ಟಡಗಳಿಂದ ನೇರವಾಗಿ ಒಳನುಗ್ಗುವವರಿಲ್ಲದ, ಅಡ್ಡ ಸಂಚಾರ ತೀರ ಕಡಿಮೆ ಇರುವ ಎರಡು ಪಥದ ಏಕಮುಖ ರಸ್ತೆ ಗಂಟೆಗೆ 2400 ಕಾರುಗಳಷ್ಟು ಸಂಚಾರವನ್ನು ಹೊರಬಲ್ಲದು. ಅಷ್ಟೇ ಅಗಲದ ರಸ್ತೆಯಲ್ಲಿ ಬದಿಯಲ್ಲಿ ವಾಹನಗಳು ನಿಂತು, ಅಂಗಡಿ ಮನೆಗಳ ಬಾಗಿಲು ನೇರ ತೆರೆದು, ಅಡ್ಡ ಸಂಚಾರವೂ ಜೋರಾಗಿದ್ದರೆ ಅದು 1400ಕ್ಕೆ ಇಳಿಯುತ್ತದೆ. ಈ ಸಾವಿರದ ವ್ಯತ್ಯಾಸವೆಲ್ಲ ನಿಲ್ಲಿಸಿದ ಗಾಡಿಗಳದೇ ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಅಂಗಡಿಗಳನ್ನು ಕಿತ್ತುಹಾಕಲಾಗದು, ಅಡ್ಡರಸ್ತೆಗಳನ್ನು ಮುಚ್ಚಲಾಗದು. ನಾಳೆ ಬೆಳಿಗ್ಗೆಯಿಂದಲೇ ಬದಲಿಸಬಹುದಾದದ್ದು ನಿಲುಗಡೆ ಒಂದನ್ನೇ. ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿರುವ ನಗರದಲ್ಲಿ ದಟ್ಟಣೆಯ ವೇಳೆ ರಸ್ತೆಯ ಅಂಚನ್ನು ಖಾಲಿ ಇಡಿಸುವುದಕ್ಕಿಂತ ಕಡಿಮೆ ಖರ್ಚಿನ ರಸ್ತೆ ಅಗಲೀಕರಣ ಬೇರೊಂದಿಲ್ಲ.

ಆದ್ದರಿಂದ ಈ ಪತ್ರ ನಿರ್ಬಂಧವನ್ನು ಸಡಿಲಿಸಿ ಎಂದು ಕೇಳುವುದಕ್ಕಲ್ಲ. ನಿರ್ಬಂಧ ಬೇಕು, ಕೆಲವು ರಸ್ತೆಗಳಲ್ಲಿ ಈಗಿರುವುದಕ್ಕಿಂತ ಬಿಗಿಯಾಗಿಯೇ ಬೇಕು. ನನ್ನ ಕೋರಿಕೆ ಇಷ್ಟೇ: ದಿನವಿಡೀ ಇರುವ ನಿಷೇಧಕ್ಕೂ ಗೊತ್ತುಪಡಿಸಿದ ಹೊತ್ತಿಗೆ ಮಾತ್ರ ಇರುವ ನಿಷೇಧಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ ಎಂಬುದನ್ನು ತಾವು ಗಮನಿಸಬೇಕು. ತಿರುವಿನಲ್ಲಿ, ಸೇತುವೆಯ ಮೇಲೆ, ಆಸ್ಪತ್ರೆಯ ಬಾಗಿಲಲ್ಲಿ ಗಾಡಿ ನಿಲ್ಲಿಸಬಾರದೆಂದು ಹೇಳಲು ಫಲಕ ಇಲ್ಲದಿದ್ದರೂ ನಡೆಯುತ್ತದೆ. ಸಾಮಾನ್ಯ ತಿಳಿವಳಿಕೆ ಇರುವ ಯಾರಿಗಾದರೂ ಅದು ಹೊಳೆಯುತ್ತದೆ. ಹೊತ್ತಿನ ನಿರ್ಬಂಧ ಹಾಗಲ್ಲ. ಮಧ್ಯಾಹ್ನ ಮೂರಕ್ಕೆ ನಿರಪರಾಧಿಯಾಗಿದ್ದ ಅದೇ ಗಾಡಿ, ಅದೇ ಜಾಗದಲ್ಲಿ, ಯಾರೂ ಅದನ್ನು ಮುಟ್ಟದೆಯೇ, ಸಂಜೆಗೆ ಅಪರಾಧಿಯಾಗುತ್ತದೆ. ಈ ಬದಲಾವಣೆಯನ್ನು ರಸ್ತೆಯ ಆಕಾರ ಹೇಳುವುದಿಲ್ಲ, ವಿವೇಕವೂ ಹೇಳುವುದಿಲ್ಲ. ಹೇಳಬೇಕಾದದ್ದು ಕಂಬದ ಮೇಲಿನ ಫಲಕ ಮಾತ್ರ. ಅಂಥ ನಿಯಮಕ್ಕೆ ಫಲಕವೇ ಜೀವ.

ಕಾನೂನಿನ ದೃಷ್ಟಿಯೂ ಇದೇ ಎಂದು ನಾನು ತಿಳಿದಿದ್ದೇನೆ. ಮೋಟಾರು ವಾಹನ ಕಾಯ್ದೆ, 1988ರ 117ನೇ ಕಲಂ ವಾಹನಗಳು ಎಲ್ಲಿ ನಿಲ್ಲಬಹುದೆಂದು ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ಗೊತ್ತುಪಡಿಸುವ ಅಧಿಕಾರವನ್ನು ಕೊಡುತ್ತದೆ. ಅನಿರ್ದಿಷ್ಟ ಕಾಲವೋ ನಿರ್ದಿಷ್ಟ ಅವಧಿಯೋ ಎಂಬುದನ್ನೂ ಅಲ್ಲಿಯೇ ಹೇಳಲಾಗಿದೆ. ಸಂಚಾರದ ಮೇಲೆ ನಿಷೇಧ ಹೇರುವ 115ನೇ ಕಲಂ, ನಿಷೇಧ ಹೇರಿದ ಮೇಲೆ ಸೂಕ್ತ ಸ್ಥಳಗಳಲ್ಲಿ ಸೂಕ್ತ ಸಂಚಾರ ಫಲಕಗಳನ್ನು ಹಾಕಿಸಬೇಕೆಂದು ಆಡಳಿತಕ್ಕೆ ಕಟ್ಟಪ್ಪಣೆ ಮಾಡುತ್ತದೆ. 116ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಫಲಕಗಳ ಗಾತ್ರ, ಬಣ್ಣ, ಬಗೆ ಎಲ್ಲವೂ ಕಾಯ್ದೆಯ ಮೊದಲನೇ ಅನುಸೂಚಿಯಂತೆಯೇ ಇರಬೇಕೆನ್ನುತ್ತದೆ; ಅವುಗಳ ಮೇಲಿನ ಪದ, ಅಕ್ಷರ, ಅಂಕಿಗಳನ್ನು ರಾಜ್ಯ ಸರ್ಕಾರಕ್ಕೆ ಸರಿಕಂಡ ಲಿಪಿಯಲ್ಲಿ ಸೇರಿಸಬಹುದು, ಆದರೆ ಹಾಗೆ ಸೇರಿಸಿದ ಬರಹ ಗಾತ್ರದಲ್ಲೂ ಬಣ್ಣದಲ್ಲೂ ಮೂಲಕ್ಕೆ ಸಮನಾಗಿರಬೇಕು ಎಂಬ ಷರತ್ತು ಅದರಲ್ಲಿದೆ. ಕನ್ನಡದ ಸಾಲನ್ನು ಕೆಳಗೆ ಸಣ್ಣದಾಗಿ, ಜಾಗ ಉಳಿದಷ್ಟರಲ್ಲಿ ತುರುಕುವ ಅಭ್ಯಾಸಕ್ಕೆ ಕಾಯ್ದೆಯ ಆಸರೆ ಇಲ್ಲ ಎಂಬುದನ್ನು ಇಲ್ಲಿ ವಿನಯದಿಂದ ನೆನಪಿಸುತ್ತೇನೆ.

ಹಾಗಾದರೆ ಚಾಲಕನೊಬ್ಬ ಫಲಕದಿಂದ ತಿಳಿಯಬೇಕಾದದ್ದೇನು? ನಿಷೇಧ ಯಾವುದರ ಮೇಲೆ, ಯಾವ ಹೊತ್ತಿನಲ್ಲಿ, ಯಾವ ದಿನಗಳಲ್ಲಿ, ಕಂಬದ ಯಾವ ಬದಿಗೆ, ಎಲ್ಲಿಯವರೆಗೆ. ಇಷ್ಟರಲ್ಲಿ ಒಂದು ತಪ್ಪಿದರೂ ಉಳಿದವು ಕೆಲಸಕ್ಕೆ ಬಾರವು.

ಮೊದಲನೆಯದನ್ನೇ ನೋಡಿ. ಕೆಂಪು ವೃತ್ತದೊಳಗೆ ಒಂದೇ ಓರೆಗೆರೆ ಇದ್ದರೆ ಗಾಡಿ ನಿಲ್ಲಿಸಿ ಹೋಗುವಂತಿಲ್ಲ. ಎರಡು ಗೆರೆಗಳು ಕತ್ತರಿಯಂತೆ ಒಂದನ್ನೊಂದು ದಾಟಿದ್ದರೆ ಕ್ಷಣಹೊತ್ತು ನಿಲ್ಲಿಸುವಂತೆಯೂ ಇಲ್ಲ. ಈ ಎರಡರ ನಡುವಿನ ಅಂತರ ಚಿಕ್ಕದಲ್ಲ. ವಯಸ್ಸಾದ ತಾಯಿಯನ್ನು ಬಾಗಿಲಲ್ಲಿ ಇಳಿಸಿ ಮುಂದೆ ಹೋಗಬಹುದೇ ಇಲ್ಲವೇ ಎಂಬುದು ಇದರ ಮೇಲೆ ನಿಂತಿದೆ. ಚಾಲನಾ ಪರವಾನಗಿ ಇರುವ ಹತ್ತು ಮಂದಿಯನ್ನು ನಾನು ಕುತೂಹಲಕ್ಕೆಂದು ಕೇಳಿದ್ದೇನೆ. ಎರಡು ಗೆರೆಯ ಫಲಕದ ಅರ್ಥವನ್ನು ಸರಿಯಾಗಿ ಹೇಳಿದವರು ಇಬ್ಬರು, ಅವರಲ್ಲಿ ಒಬ್ಬರು ಕಳೆದ ತಿಂಗಳಷ್ಟೇ ಪರೀಕ್ಷೆ ಬರೆದ ಹುಡುಗಿ. ಕಲಿಕಾ ಪರವಾನಗಿಯ ಪರೀಕ್ಷೆ ಮುಗಿದ ಸಂಜೆಯೇ ನಾವೆಲ್ಲ ಆ ಪುಸ್ತಕವನ್ನು ಮರೆಯುತ್ತೇವೆ ಎಂಬ ಸತ್ಯವನ್ನು ಫಲಕ ಬರೆಸುವವರು ಒಪ್ಪಿಕೊಂಡು ಮುಂದುವರಿಯುವುದು ಒಳ್ಳೆಯದು.

ಹೊತ್ತಿನ ವಿಷಯಕ್ಕೆ ಬಂದರೆ ತೊಡಕು ಇನ್ನೂ ಹೆಚ್ಚು. ‘8ರಿಂದ 11’ ಎಂದಷ್ಟೇ ಬರೆದರೆ ಬೆಳಿಗ್ಗೆಯೋ ರಾತ್ರಿಯೋ ತಿಳಿಯದು. ‘ಸಂಜೆ 8 ಗಂಟೆ’ ಎಂದು ಕನ್ನಡದಲ್ಲಿ ಯಾರೂ ಹೇಳುವುದಿಲ್ಲ, ಎಂಟು ನಮಗೆ ರಾತ್ರಿ. ‘ಸಂಜೆ 4ರಿಂದ 8’ ಎಂಬ ಸಾಲು ಇಂಗ್ಲಿಷಿನ ಅಚ್ಚಿನಿಂದ ಇಳಿಸಿದ್ದೆಂದು ಓದಿದೊಡನೆ ಗೊತ್ತಾಗುತ್ತದೆ. ಭಾನುವಾರ ಅನ್ವಯವೇ? ಸರ್ಕಾರಿ ರಜೆಯ ದಿನ? ಎರಡನೇ ಶನಿವಾರ? ಫಲಕ ಮೌನವಾಗಿದ್ದರೆ ಚಾಲಕ ತನಗೆ ಅನುಕೂಲವಾಗುವಂತೆ ಓದಿಕೊಳ್ಳುತ್ತಾನೆ, ದಂಡ ಹಾಕುವವರು ತಮಗೆ ತೋಚಿದಂತೆ ಓದಿಕೊಳ್ಳುತ್ತಾರೆ. ಇಬ್ಬರೂ ಪ್ರಾಮಾಣಿಕರಾಗಿದ್ದರೂ ಜಗಳ ತಪ್ಪುವುದಿಲ್ಲ.

ಇಲ್ಲಿ ರಾಹುಕಾಲದ ಮಾತು ತೆಗೆದರೆ ತಾವು ನಗಬಾರದು. ಅದನ್ನು ನಂಬುವವರೂ ನಂಬದವರೂ ಈ ನಗರದಲ್ಲಿ ಒಂದೇ ಸಮನೆ ಬಲ್ಲರು: ಸೋಮವಾರ ಏಳೂವರೆಯಿಂದ ಒಂಬತ್ತು, ಶನಿವಾರ ಒಂಬತ್ತರಿಂದ ಹತ್ತೂವರೆ, ಭಾನುವಾರ ನಾಲ್ಕೂವರೆಯಿಂದ ಆರು. ದಿನಕ್ಕೊಂದರಂತೆ ಏಳು ಬೇರೆ ಬೇರೆ ವೇಳೆಗಳು, ಒಂದು ಪೈಸೆಯ ದಂಡವಿಲ್ಲ, ಹಿಡಿಯುವ ಪೊಲೀಸರಿಲ್ಲ. ಆದರೂ ಹೊಸ ಗಾಡಿ ಕೊಳ್ಳುವವರು ಷೋರೂಮಿನಲ್ಲಿ ಗಡಿಯಾರ ನೋಡಿಕೊಂಡು ಕೂರುತ್ತಾರೆ. ಇದು ಸಾಧ್ಯವಾದದ್ದು ಎರಡು ಕಾರಣಕ್ಕೆ. ಆ ವೇಳೆ ಮಲ್ಲೇಶ್ವರಕ್ಕೊಂದು, ಜಯನಗರಕ್ಕೊಂದು ಎಂದು ಬದಲಾಗುವುದಿಲ್ಲ. ಪ್ರತಿ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅದು ಅಚ್ಚಾಗಿರುತ್ತದೆ. ದಟ್ಟಣೆಯ ವೇಳೆ ಎಂದರೆ ಇಡೀ ನಗರಕ್ಕೆ ಬೆಳಿಗ್ಗೆ ಇಷ್ಟರಿಂದ ಇಷ್ಟು, ಸಂಜೆ ಇಷ್ಟರಿಂದ ರಾತ್ರಿ ಇಷ್ಟು ಎಂದು ಒಂದೇ ಜೋಡಿ ಗಂಟೆಗಳನ್ನು ತಾವು ನಿಗದಿಪಡಿಸಿದರೆ, ಆರು ತಿಂಗಳಲ್ಲಿ ಅದು ಎಲ್ಲರ ಬಾಯಲ್ಲಿರುತ್ತದೆ. ರಸ್ತೆರಸ್ತೆಗೆ ಅರ್ಧ ಗಂಟೆ ಹಿಂದೆಮುಂದೆ ಮಾಡಿದರೆ ಸಂಚಾರ ಎಂಜಿನಿಯರಿಗೆ ಸ್ವಲ್ಪ ಹೆಚ್ಚು ನಿಖರತೆ ಸಿಗಬಹುದು, ಆದರೆ ಜನರಿಗೆ ನೆನಪಿಡಲು ಏನೂ ಸಿಗುವುದಿಲ್ಲ. ನೆನಪಿನಲ್ಲಿ ಉಳಿಯುವ ನಿಯಮಕ್ಕೆ ಅರ್ಧ ಗಂಟೆ ಕಳೆದುಕೊಂಡರೂ ಲಾಭವೇ.

ಈ ಏಕರೂಪಕ್ಕೂ ಒಂದು ಮಿತಿ ಇದೆ ಎಂಬುದನ್ನು ಮರೆಮಾಚಲಾರೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ಅಥವಾ ಕೃಷ್ಣರಾಜ ಮಾರುಕಟ್ಟೆಯ ಸುತ್ತ ದಟ್ಟಣೆಗೆ ವೇಳೆ ಎಂಬುದೇ ಇರುವುದಿಲ್ಲ. ಶಾಲೆಗಳಿರುವ ಬೀದಿಗೆ ಮಧ್ಯಾಹ್ನ ಮೂರೂವರೆಯೇ ಬೆಳಗಿನ ಒಂಬತ್ತು. ಅಂಥ ಕಡೆ ಬೇರೆ ವೇಳೆ ಬೇಕೇ ಬೇಕು. ಆದರೆ ಅದು ವಿನಾಯಿತಿ ಎಂಬುದು ಫಲಕದ ಬಣ್ಣದಿಂದಲೋ ಹೆಚ್ಚುವರಿ ಪಟ್ಟಿಯಿಂದಲೋ ದೂರದಿಂದಲೇ ಎದ್ದು ಕಾಣಲಿ. ಹಬ್ಬದ ಎರಡು ದಿನಕ್ಕೆ ಹೊಸ ಆದೇಶ ಬರುವುದಿದ್ದರೆ ಅದರ ಸುದ್ದಿ ಹೂವಿನ ಅಂಗಡಿಯವರಿಗೂ ಮೊದಲೇ ಮುಟ್ಟಲಿ.

ಪರದೇಶದ ನಗರಗಳೂ ಈ ಗೊಂದಲವನ್ನು ದಾಟಿಯೇ ಬಂದಿವೆ, ಕೆಲವು ಇನ್ನೂ ದಾಟಿಲ್ಲ. ಲಂಡನ್ನಿನ ಮುಖ್ಯ ಹೆದ್ದಾರಿಗಳಲ್ಲಿ ರಸ್ತೆಯ ಅಂಚಿಗೆ ಕೆಂಪು ಗೆರೆ ಎಳೆದಿರುತ್ತಾರೆ: ಜೋಡಿ ಗೆರೆ ಇದ್ದರೆ ಯಾವ ಹೊತ್ತಿನಲ್ಲೂ ನಿಲ್ಲಿಸುವಂತಿಲ್ಲ, ಒಂಟಿ ಗೆರೆ ಇದ್ದರೆ ಪಕ್ಕದ ಫಲಕದಲ್ಲಿರುವ ವೇಳೆಯಲ್ಲಿ ನಿಲ್ಲಿಸುವಂತಿಲ್ಲ. ಆ ನಗರದ ಒಟ್ಟು ರಸ್ತೆಗಳಲ್ಲಿ ಸುಮಾರು ನೂರಕ್ಕೆ ಐದರಷ್ಟೇ ಇರುವ ಈ ಕೆಂಪು ಮಾರ್ಗಗಳು ಸಂಚಾರದ ಸುಮಾರು ಮೂರನೇ ಒಂದು ಪಾಲನ್ನು ಹೊರುತ್ತವೆ. ಎಲ್ಲ ರಸ್ತೆಗೂ ಕಟ್ಟುನಿಟ್ಟು ಮಾಡುವ ಬದಲು ನಗರದ ಉಸಿರು ನಿಂತಿರುವ ಕೆಲವನ್ನು ಆರಿಸಿಕೊಂಡು ಅಲ್ಲಿ ಕಣ್ಣಿಗೆ ರಾಚುವಂತೆ ಹೇಳುವ ಕ್ರಮ ಅದು. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಅನೇಕ ಮುಖ್ಯ ಬೀದಿಗಳಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 7ರಿಂದ 9.30, ಸಂಜೆ 4ರಿಂದ 6.30 ಎಂಬ ಜೋಡಿ ವೇಳೆ ಬಹುಕಾಲ ರೂಢಿಯಲ್ಲಿದೆ. ಅದು ಅಲ್ಲಿನ ನಿವಾಸಿಗಳಿಗೆ ಬಾಯಿಪಾಠ.

ಅದೇ ದೇಶದ ಇನ್ನೊಂದು ಊರಿನಲ್ಲಿ, ಮಗಳ ಮನೆಗೆ ಹೋಗಿದ್ದಾಗ, ನಾನೇ ಒಂದು ಪಾಠ ಕಲಿತೆ. ಒಂದೇ ಕಂಬದ ಮೇಲೆ ನಾಲ್ಕು ಫಲಕಗಳು ಒಂದರ ಕೆಳಗೊಂದು ಇದ್ದವು. ಮೇಲಿನ ಎರಡನ್ನು ಓದಿ, ಎರಡು ಗಂಟೆ ನಿಲ್ಲಿಸಬಹುದೆಂದು ಖಾತರಿ ಮಾಡಿಕೊಂಡು, ಮಗಳಿಗೆ ಧೈರ್ಯ ಹೇಳಿ ನಡೆದೆ. ಸಂಜೆಯ ದಟ್ಟಣೆ ವೇಳೆಯ ನಿಷೇಧ ಇದ್ದದ್ದು ನಾಲ್ಕನೆಯದರಲ್ಲಿ. ತಪ್ಪು ನನ್ನದೇ, ಪೂರ್ತಿ ಓದಬೇಕಿತ್ತು. ಅಳಿಯ ದಂಡ ಕಟ್ಟಿ ಕಾರು ಬಿಡಿಸಿಕೊಂಡು ಬಂದು ಆ ವಿಷಯ ಎತ್ತಲೇ ಇಲ್ಲ, ಅದೇ ನನಗೆ ಹೆಚ್ಚು ಚುಚ್ಚಿದ್ದು. ಆದರೆ ನಲವತ್ತು ವರ್ಷ ಸರ್ಕಾರಿ ಕಡತ ಓದಿದ ನನಗೇ ಆ ಕಂಬ ಅರ್ಥವಾಗದಿದ್ದರೆ, ಹಿಂದಿನಿಂದ ಹಾರನ್ ಕೇಳುತ್ತಿರುವ ಚಾಲಕನ ಗತಿ ಏನು ಎಂದು ಆಗ ಅನ್ನಿಸಿತು. ನಿಕ್ಕಿ ಸಿಲಿಯಾಂಟೆಂಗ್ ಎಂಬ ವಿನ್ಯಾಸಕಿ ಇಂಥದೇ ಕಂಬಗಳಿಂದ ಬೇಸತ್ತು, ಅಷ್ಟೂ ಫಲಕಗಳ ಬದಲು ಒಂದೇ ಹಲಗೆಯ ಮೇಲೆ ಶಾಲೆಯ ವೇಳಾಪಟ್ಟಿಯಂಥ ಮನೆಗಳನ್ನು ಬರೆದರು: ಅಡ್ಡಕ್ಕೆ ದಿನಗಳು, ಉದ್ದಕ್ಕೆ ಗಂಟೆಗಳು, ನಿಲ್ಲಿಸಬಹುದಾದ ಮನೆ ಹಸಿರು, ನಿಲ್ಲಿಸಬಾರದ್ದು ಕೆಂಪು. 2015ರಲ್ಲಿ ಲಾಸ್ ಏಂಜಲೀಸ್ ನಗರ ಆ ಮಾದರಿಯ ಫಲಕಗಳನ್ನು ಪ್ರಾಯೋಗಿಕವಾಗಿ ಹಾಕಿಸಿತು. ಅದರಲ್ಲಿ ಓದುವ ಕೆಲಸವೇ ಕಡಿಮೆ. ಈಗಿನ ಗಂಟೆ ಯಾವ ಬಣ್ಣದಲ್ಲಿದೆ ಎಂದು ನೋಡಿದರೆ ಸಾಕು. ಕನ್ನಡ, ಇಂಗ್ಲಿಷ್, ತಮಿಳು, ತೆಲುಗು, ಹಿಂದಿ, ಉರ್ದು ಆಡುವವರೆಲ್ಲ ಗಾಡಿ ಓಡಿಸುವ ನಮ್ಮ ಊರಿಗೆ, ಮೇಲೆ ಕನ್ನಡದ ತಲೆಬರಹವಿಟ್ಟ ಇಂಥದೊಂದು ಹಲಗೆ ಹೇಳಿ ಮಾಡಿಸಿದಂತಿದೆ.

ನಮ್ಮಲ್ಲಿ ಇನ್ನೊಂದು ತೊಂದರೆ ಇದೆ, ಅದು ಆಡಳಿತಕ್ಕಿಂತ ನಮ್ಮ ನಿಮ್ಮಂಥ ಮನೆಯವರಿಗೆ ಸೇರಿದ್ದು. ಒಂದೊಂದು ಗೇಟಿಗೂ ಕೆಂಪು ಅಕ್ಷರದ ನಿಷೇಧ ಫಲಕ ತೂಗುತ್ತದೆ. ಕೆಲವರು ಟೈರಿನ ಗಾಳಿ ತೆಗೆಯಲಾಗುವುದು ಎಂಬ ಬೆದರಿಕೆಯನ್ನೂ ಸೇರಿಸಿರುತ್ತಾರೆ. ಅಂಗಡಿಯ ಜಾಹೀರಾತು ಹೊತ್ತ ನಿಷೇಧ ಫಲಕಗಳು, ಹೂಕುಂಡ, ಕಲ್ಲು, ಹಗ್ಗ ಕಟ್ಟಿದ ಬಕೆಟ್ಟು ಇವೆಲ್ಲ ಸಾರ್ವಜನಿಕ ರಸ್ತೆಯ ಮೇಲೆ ಖಾಸಗಿ ಹಕ್ಕು ಸ್ಥಾಪಿಸುವ ಉಪಾಯಗಳು. ಗೇಟಿಗೆ ಅಡ್ಡವಾಗಿ ನಿಲ್ಲಿಸುವುದನ್ನು 2017ರ ವಾಹನ ಚಾಲನಾ ನಿಯಮಾವಳಿ ಹೇಗೂ ನಿಷೇಧಿಸಿದೆ, ಅದಕ್ಕೆ ಫಲಕದ ಅಗತ್ಯವೇ ಇಲ್ಲ; ಅಧಿಕೃತವಲ್ಲದ ಸಂಚಾರ ಫಲಕವನ್ನು ರಸ್ತೆಯಲ್ಲಿ ಹಾಕಲು 116ನೇ ಕಲಂ ಯಾರಿಗೂ ಅನುಮತಿ ಕೊಡುವುದಿಲ್ಲ. ಇಡೀ ಬೀದಿ ಸುಳ್ಳು ನಿಷೇಧಗಳಿಂದ ತುಂಬಿರುವಾಗ ನಿಜವಾದದ್ದೊಂದನ್ನು ಚಾಲಕ ಹೇಗೆ ಗುರುತಿಸಬೇಕು? ಇವುಗಳನ್ನು ತೆಗೆಸುವ ಕೆಲಸ ಅಪ್ರಿಯವಾದದ್ದು, ಗೊತ್ತು. ಆದರೆ ಅಧಿಕೃತ ಫಲಕಕ್ಕೆ ಮರ್ಯಾದೆ ಬರಬೇಕಾದರೆ ಮೊದಲು ಇವು ಹೋಗಬೇಕು. ಜೊತೆಗೆ ಅಧಿಕೃತ ಫಲಕಕ್ಕೆ ಒಂದು ಕ್ರಮಸಂಖ್ಯೆ ಹಾಗೂ ಆದೇಶದ ದಿನಾಂಕ ಮುದ್ರಿಸಿದರೆ, ಅನುಮಾನ ಬಂದವರು ತಮ್ಮ ಜಾಲತಾಣದಲ್ಲಿ ನೋಡಿ ಖಚಿತಪಡಿಸಿಕೊಳ್ಳಬಹುದು. ಹೊಂಗೆಯ ಕೊಂಬೆ ಬೆಳೆದೋ ರಾಜಕೀಯ ಬ್ಯಾನರು ಕಟ್ಟಿಯೋ ಮುಚ್ಚಿಹೋದ ಫಲಕದ ಬಗ್ಗೆ ದೂರು ಕೊಡಲೂ ಆ ಸಂಖ್ಯೆ ಸಾಕಾಗುತ್ತದೆ.

ದಂಡ ಮತ್ತು ಟೋಯಿಂಗ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಿಷೇಧವಿರುವ ಜಾಗದಲ್ಲಿ ನಿಂತ ವಾಹನವನ್ನು ಎತ್ತಿಸುವ, ಚಕ್ರಕ್ಕೆ ಬೀಗ ಹಾಕಿಸುವ ಅಧಿಕಾರ 127ನೇ ಕಲಂನಲ್ಲಿ ಸ್ಪಷ್ಟವಾಗಿದೆ. 2022ರ ಆರಂಭದಲ್ಲಿ ಸಾರ್ವಜನಿಕರ ಆಕ್ರೋಶದ ನಂತರ ನಗರದಲ್ಲಿ ಟೋಯಿಂಗ್ ನಿಲ್ಲಿಸಬೇಕಾಗಿ ಬಂತು. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇಕಡಾ 50ರ ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ನಿಂತು ಕಟ್ಟಿದರು. ಈ ಎರಡನ್ನೂ ಒಟ್ಟಿಗಿಟ್ಟು ನೋಡಿದರೆ, ಜನರ ಸಿಟ್ಟು ದಂಡದ ಮೇಲಿನದಲ್ಲ, ನ್ಯಾಯವಾಗಿ ಕಾಣದ ದಂಡದ ಮೇಲಿನದು ಎಂದು ನನಗನ್ನಿಸುತ್ತದೆ. ಕಾರು ಎತ್ತುವ ಮೊದಲು ಅದೇ ಚೌಕಟ್ಟಿನಲ್ಲಿ ಕಾರೂ ಫಲಕವೂ ಗಡಿಯಾರದ ಹೊತ್ತೂ ಕಾಣುವಂತೆ ಒಂದು ಛಾಯಾಚಿತ್ರ ತೆಗೆಯಬೇಕೆಂಬ ನಿಯಮ ಮಾಡಿದರೆ, ವಾದಕ್ಕೆ ಜಾಗವೇ ಉಳಿಯುವುದಿಲ್ಲ. ಫಲಕ ಚಿತ್ರದಲ್ಲಿ ಬರದಿದ್ದರೆ ಎತ್ತುವಂತಿಲ್ಲ.

ಸರಕು ಇಳಿಸುವವರನ್ನು ಮರೆಯಬಾರದು. ಅವೆನ್ಯೂ ರಸ್ತೆ, ಚಿಕ್ಕಪೇಟೆಯಂಥ ಕಡೆ ದಟ್ಟಣೆಯ ವೇಳೆ ನಿಲ್ಲಬೇಡಿ ಎಂದರೆ ಸಾಲದು, ಯಾವ ವೇಳೆಯಲ್ಲಿ ಎಲ್ಲಿ ನಿಂತು ಮೂಟೆ ಇಳಿಸಬಹುದು ಎಂಬುದನ್ನೂ ಅದೇ ಫಲಕ ಹೇಳಬೇಕು. ರಾಜ್ಯ ಸರ್ಕಾರ 2021ರಲ್ಲಿ ಒಪ್ಪಿದ ಬೆಂಗಳೂರಿನ ಪರಿಷ್ಕೃತ ನಿಲುಗಡೆ ನೀತಿ ಬಡಾವಣೆವಾರು ಯೋಜನೆಗಳ ಮಾತಾಡುತ್ತದೆ; ಈಗ ನಗರ ಐದು ಪಾಲಿಕೆಗಳಾಗಿ ಹಂಚಿಹೋಗಿರುವಾಗ, ಫಲಕ ಬರೆಸುವವರು ಒಬ್ಬರು, ಕಂಬ ನೆಡುವವರು ಇನ್ನೊಬ್ಬರು, ಗಾಡಿ ಹಿಡಿಯುವವರು ಮತ್ತೊಬ್ಬರು ಆಗುವ ಅಪಾಯ ಮೊದಲಿಗಿಂತ ಹೆಚ್ಚಿದೆ. ಒಂದು ಪಾಲಿಕೆಯ ಗಡಿ ದಾಟಿದೊಡನೆ ಫಲಕದ ಭಾಷೆ, ವೇಳೆ, ಬಣ್ಣ ಬದಲಾದರೆ ಮೇಲೆ ಹೇಳಿದ ರಾಹುಕಾಲದ ಲೆಕ್ಕವೆಲ್ಲ ಕೈಬಿಟ್ಟಂತೆಯೇ. ಪತ್ರವನ್ನು ತಮ್ಮಿಬ್ಬರಿಗೂ ಒಟ್ಟಿಗೆ ಬರೆದಿರುವುದು ಇದೇ ಕಾರಣಕ್ಕೆ.

ಇಷ್ಟನ್ನೂ ಒಮ್ಮೆಲೇ ಇಡೀ ನಗರಕ್ಕೆ ಮಾಡಿ ಎಂದು ಕೇಳುವಷ್ಟು ಹುಂಬನಲ್ಲ. ಒಂದೇ ಒಂದು ರಸ್ತೆಯನ್ನು ಆರಿಸಿಕೊಳ್ಳಿ. ಬಸ್ಸು ಹೆಚ್ಚಾಗಿ ಓಡಾಡುವ, ಅಂಗಡಿಗಳೂ ಇರುವ ರಸ್ತೆಯಾದರೆ ಒಳ್ಳೆಯದು. ಹೊಸ ಬಗೆಯ ಫಲಕ ಹಾಕಿಸಿ, ಮೊದಲ ಹದಿನೈದು ದಿನ ದಂಡದ ಬದಲು ಗಾಜಿನ ಮೇಲೆ ಎಚ್ಚರಿಕೆಯ ಚೀಟಿ ಇಡಿಸಿ. ಆಮೇಲೆ ಆ ದಾರಿಯಲ್ಲಿ ಎಂದೂ ಬಾರದ ಹತ್ತು ಮಂದಿ ಚಾಲಕರನ್ನು ಕರೆಸಿ, ಒಬ್ಬ ಆಟೋದವರು, ಒಬ್ಬ ಸರಕು ವಾಹನದವರು, ಒಬ್ಬ ಹೊಸದಾಗಿ ಊರಿಗೆ ಬಂದವರು ಅದರಲ್ಲಿರಲಿ, ಗಾಡಿಯಿಂದ ಇಳಿಯದೆ ಐದು ಸೆಕೆಂಡಿನಲ್ಲಿ ಫಲಕ ಓದಿ ‘ಈಗ ಇಲ್ಲಿ ನಿಲ್ಲಿಸಬಹುದೇ’ ಎಂಬ ಪ್ರಶ್ನೆಗೆ ಉತ್ತರ ಹೇಳಲು ಕೇಳಿ. ಒಂಬತ್ತು ಮಂದಿ ತಪ್ಪಿಲ್ಲದೆ ಹೇಳಿದ ಫಲಕವನ್ನು ಉಳಿದ ರಸ್ತೆಗಳಿಗೆ ಅಚ್ಚು ಹಾಕಿಸಿ. ಹತ್ತನೆಯವನಾಗಿ ಕನ್ನಡಕ ಹಾಕಿಕೊಂಡು ಬರಲು, ಅಮೆರಿಕದ ಆ ಕಂಬದ ಮುಂದೆ ಒಮ್ಮೆ ಸೋತಿರುವ ನಾನು ಸಿದ್ಧನಿದ್ದೇನೆ.

ಇಂತಿ ನಮಸ್ಕಾರಗಳೊಂದಿಗೆ,
ಬಸವನಗುಡಿಯ ಒಬ್ಬ ನಿವೃತ್ತ ನೌಕರ, ಹಳೆಯ ಕಾರೊಂದರ ಮಾಲೀಕ, ವಾರದಲ್ಲಿ ಐದು ದಿನ ಬಸ್ ಪ್ರಯಾಣಿಕ